ಚಮಚದಲ್ಲಿ ನಿಲ್ಲುವ ಸರಿ

ಮಗಳಿಗೆ ಎಂಟು ತಿಂಗಳಾದಾಗ ಅಂಗನವಾಡಿ ಕಾರ್ಯಕರ್ತೆ ಅವಳನ್ನು ತೂಗಿ, ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕಿಯಿಟ್ಟು, ಹಿಂದಿನ ಚುಕ್ಕಿಗಳಿಗೆ ಗೆರೆ ಕೂಡಿಸಿ ಒಂದು ಗಳಿಗೆ ಸುಮ್ಮನಾದರು. ಆರನೆಯ ತಿಂಗಳಲ್ಲಿ 7 ಕಿಲೋ ಇದ್ದವಳು ಎರಡು ತಿಂಗಳಲ್ಲಿ ಏರಿದ್ದು ಬರೀ 150 ಗ್ರಾಂ. ಚುಕ್ಕಿ ಹಸಿರು ಪಟ್ಟಿಯೊಳಗೇ ಇತ್ತು, ಗೆರೆ ಮಾತ್ರ ಮೇಲೇರದೆ ಅಡ್ಡ ಮಲಗಿತ್ತು. “ರಾಗಿ ಸರಿ ಚಮಚದಾಗೆ ನಿಲ್ತದೇನಮ್ಮ, ಸುರಿದು ಹೋಗ್ತದಾ?” ಎಂದು ಕೇಳಿದರು. ನಮ್ಮ ಮನೆಯ ಸರಿ ಸುರಿದೇ ಹೋಗುತ್ತಿತ್ತು. ಗಂಟಲಿಗೆ ಸಿಕ್ಕೀತೆಂಬ ಭಯಕ್ಕೆ ನಾನು ಅದನ್ನು ಮಜ್ಜಿಗೆಯಂತೆ ತೆಳ್ಳಗೆ ಮಾಡುತ್ತಿದ್ದೆ. ಅವಳು ಬಟ್ಟಲು ಬರಿದು ಮಾಡಿದಾಗಲೆಲ್ಲ ಹೊಟ್ಟೆ ತುಂಬಿತೆಂದು ನೆಮ್ಮದಿಪಡುತ್ತಿದ್ದೆ.

ಹೊಟ್ಟೆ ತುಂಬುತ್ತಿದ್ದದ್ದು ನಿಜ, ಆದರೆ ನೀರಿನಿಂದ. ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ಸುಮಾರು 20 ಗ್ರಾಂ ರಾಗಿ ಹಿಟ್ಟಿನಲ್ಲಿ ಅಂದಾಜು 65 ಕಿಲೋಕ್ಯಾಲೊರಿ ಶಕ್ತಿಯಿದೆ. ಅದನ್ನು ನೀರಿನಲ್ಲಿ ಕಾಯಿಸಿ 250 ಮಿಲಿಲೀಟರ್ ಸರಿ ಮಾಡಿದರೆ 100 ಮಿಲಿಲೀಟರಿಗೆ 26 ಕಿಲೋಕ್ಯಾಲೊರಿ ಸಿಗುತ್ತದೆ. ಎದೆಹಾಲಿನಲ್ಲಿ ಅಷ್ಟೇ ಅಳತೆಗೆ 65ರಿಂದ 70 ಇರುತ್ತದೆ. ಈ ವಯಸ್ಸಿನ ಕೂಸಿನ ಹೊಟ್ಟೆ ಒಂದು ಕಿಲೋ ತೂಕಕ್ಕೆ ಸುಮಾರು 30 ಮಿಲಿಲೀಟರ್ ಮಾತ್ರ ಹಿಡಿಯುವುದರಿಂದ, ಒಂದು ಬಟ್ಟಲು ನೀರು ಸರಿ ಕುಡಿದ ಮಗು ಎದೆಗೆ ಬಾಯಿ ಹಾಕಲು ಮನಸ್ಸು ಮಾಡುವುದಿಲ್ಲ. ಹೀಗೆ ಹೆಚ್ಚು ಸತ್ವದ ಆಹಾರವನ್ನು ಕಡಿಮೆ ಸತ್ವದ ಆಹಾರ ಹೊರಗೆ ತಳ್ಳಿಬಿಡುತ್ತದೆ. ಆರರಿಂದ ಎಂಟು ತಿಂಗಳ, ಎದೆಹಾಲು ಕುಡಿಯುವ ಮಗುವಿಗೆ ಮೇಲಾಹಾರದಿಂದ ದಿನಕ್ಕೆ ಸುಮಾರು 200, ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ 300 ಕಿಲೋಕ್ಯಾಲೊರಿ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಹಾಗೆಂದು ಹಿಟ್ಟು ಹೆಚ್ಚಿಸಿದರೆ ಸರಿ ಮುದ್ದೆಯಾಗಿ ಮಗು ಉಗಿಯುತ್ತದೆ. ಇದಕ್ಕೆ ದಾರಿ ನಮ್ಮ ಅಜ್ಜಿಯರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಿದ್ದ ಕೆಲಸದಲ್ಲೇ ಇತ್ತು. ಮೊಳಕೆಯೊಡೆಯುವ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ, ಸರಿಯನ್ನು ಗಟ್ಟಿಯಾಗಿಸುವ ಪಿಷ್ಟವನ್ನು ತುಂಡರಿಸುತ್ತದೆ; ಹಾಗಾಗಿ ನೀರು ಸುರಿಯದೆಯೇ ಸರಿ ಸಡಿಲವಾಗುತ್ತದೆ. ಕಬ್ಬಿಣಾಂಶ ಮೈಗೆ ಹತ್ತದಂತೆ ಹಿಡಿದಿಡುವ ಫೈಟೇಟ್ ಕೂಡ ತಗ್ಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು 1982ರಲ್ಲಿಯೇ ಮೊಳಕೆ ಬರಿಸಿದ ರಾಗಿ, ಹೆಸರುಕಾಳುಗಳಿಂದ ಕುದಿಸಿದರೂ ಗಟ್ಟಿಯಾಗದ ಶಿಶು ಆಹಾರವನ್ನು ರೂಪಿಸಿದ್ದರು. ನಾನು ಮಾಡಿ ನೋಡಿದ್ದು ಇನ್ನೂ ಸರಳ. ಗಟ್ಟಿಯಾಗಿ ಬೇಯಿಸಿದ ಸರಿಯನ್ನು ಒಲೆಯಿಂದಿಳಿಸಿ, ಹಬೆ ತಗ್ಗಿದ ಮೇಲೆ, ಇನ್ನೂ ಬಿಸಿಯಿರುವಾಗಲೇ ಹುರಿಯದ ಮೊಳಕೆ ರಾಗಿ ಹಿಟ್ಟನ್ನು ಒಂದು ಚಿಕ್ಕ ಚಮಚ ಹಾಕಿ ಕಲಕಿದೆ. ಸೌಟನ್ನು ಹಿಡಿದು ನಿಲ್ಲಿಸಿದ್ದ ಸರಿ ಕೆಲವೇ ನಿಮಿಷಗಳಲ್ಲಿ ಸಡಿಲಗೊಂಡು, ಸೌಟೆತ್ತಿದರೆ ದಪ್ಪ ಹನಿಯಾಗಿ ಇಳಿಯತೊಡಗಿತು. ಹಸಿ ಹಿಟ್ಟು ಬೆರೆತಿರುವುದರಿಂದ ಮತ್ತೊಮ್ಮೆ ಕುದಿಸಲೇಬೇಕು. ಜೋರಾಗಿ ಹುರಿದರೆ ಕಿಣ್ವ ಸಾಯುತ್ತದೆ; ಘಮ ಬರಲೆಂದು ನಾನು ಅಲ್ಲಿಯವರೆಗೆ ಎಲ್ಲವನ್ನೂ ಕೆಂಪಗೆ ಹುರಿಯುತ್ತಿದ್ದೆ.

ಮೇಲಕ್ಕೆ ಅರ್ಧ ಚಮಚ ತುಪ್ಪ, ಮಧ್ಯಾಹ್ನ ಕಿವುಚಿದ ಬೇಳೆ ಅನ್ನಕ್ಕೆ ನುಣ್ಣಗೆ ಬೇಯಿಸಿದ ಸೊಪ್ಪು ಮತ್ತು ಎರಡು ಹನಿ ನಿಂಬೆರಸ, ಕೆಲವು ದಿನ ಮೊಟ್ಟೆ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದರೂ ರಾಗಿಯೊಂದೇ ಸಾಲದು. ಹುಟ್ಟುವಾಗ ಮಗು ತಾಯಿಯಿಂದ ತಂದ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಕರಗಿರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ವರ್ಷದೊಳಗೆ ಹಸುವಿನ ಹಾಲನ್ನೇ ಮುಖ್ಯ ಆಹಾರವಾಗಿ ಕೊಟ್ಟರೆ ಈ ಕೊರತೆ ಇನ್ನೂ ಹೆಚ್ಚುತ್ತದೆ. ಜೇನುತುಪ್ಪ ನೆಕ್ಕಿಸುವುದಂತೂ ಒಂದು ವರ್ಷದವರೆಗೆ ಕೂಡದು.

ಇದು ನಮ್ಮ ಮನೆಯೊಂದರ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ. ರಾಗಿಯ ನಾಡಿನ ಈ ಅಂಕಿಗಳನ್ನು ಓದಿದಾಗ ಸಂಕಟವಾಗುತ್ತದೆ. ಇವುಗಳ ಹಿಂದೆ ಬಡತನ, ತಾಯಿಯ ರಕ್ತಹೀನತೆ, ಮತ್ತೆ ಮತ್ತೆ ಬರುವ ಭೇದಿ ಎಲ್ಲವೂ ಇವೆ. ನೀರು ಸರಿಯೂ ಇದೆ ಎಂಬುದು ನನ್ನ ಅನುಭವ. ಆಹಾರ ಸಾಲದಾದಾಗ ಮೊದಲು ತೂಕ ನಿಲ್ಲುತ್ತದೆ, ಅದೇ ಮುಂದುವರಿದರೆ ಎತ್ತರ ನಿಲ್ಲುತ್ತದೆ. ಮಿದುಳು ಅತಿ ವೇಗವಾಗಿ ಬೆಳೆಯುವ ಮೊದಲೆರಡು ವರ್ಷಗಳಲ್ಲಿ ಕಳೆದುಕೊಂಡದ್ದನ್ನು ಶಾಲೆಗೆ ಹೋಗುವ ವಯಸ್ಸಿನಲ್ಲಿ ಪೂರ್ತಿಯಾಗಿ ತುಂಬಿಕೊಡಲು ಬಹಳ ಕಷ್ಟ.

ಹತ್ತನೆಯ ತಿಂಗಳಲ್ಲಿ ಮಗಳ ತೂಕ 7.8 ಕಿಲೋ ಆಯಿತು, ಗೆರೆ ಮೇಲಕ್ಕೆ ತಿರುಗಿತು. ಈಗ ನಾದಿನಿಯ ಕೂಸಿಗೆ ಐದೂವರೆ ತಿಂಗಳು. ನಮ್ಮತ್ತೆ ಅಂಗಳದ ನೆರಳಿನಲ್ಲಿ ಮೊಳಕೆ ರಾಗಿ ಹರಡಿದ್ದಾರೆ. ಹುರಿಯುವ ಮೊದಲು ಒಂದು ಸಣ್ಣ ಡಬ್ಬಿಯಷ್ಟನ್ನು ಬೇರೆಯಾಗಿ ಎತ್ತಿಡಲು ಅವರಿಗೆ ನಾನೀಗ ನೆನಪಿಸಬೇಕಾಗಿಲ್ಲ.