ಫಿಲಡೆಲ್ಫಿಯಾದ ಸಂಚಾರಿ ಬಿಯರ್ ಗಾರ್ಡನ್: ಹೋಗುವ ಮುನ್ನ ಪಾಸ್‌ಪೋರ್ಟ್ ಜೇಬಿಗೆ ಹಾಕಿಕೊಳ್ಳಿ

ನನಗೆ ಅರವತ್ತಾರು ವರ್ಷ. ತಲೆ ಪೂರ್ತಿ ಬೆಳ್ಳಗಾಗಿ ಹತ್ತು ವರ್ಷವಾಯಿತು. 2024ರ ಜುಲೈ ತಿಂಗಳ ಒಂದು ಶನಿವಾರ ಸಂಜೆ ಫಿಲಡೆಲ್ಫಿಯಾ ನಗರದ ನಡುವಿನ ಒಂದು ಬಿಯರ್ ಗಾರ್ಡನ್ನಿನ (ಬಯಲಲ್ಲಿ ಕೂತು ಬಿಯರ್ ಕುಡಿಯುವ ತೋಟ) ಬಾಗಿಲಲ್ಲಿದ್ದ ಹುಡುಗ ನನ್ನ ದಾವಣಗೆರೆಯ ಡ್ರೈವಿಂಗ್ ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ವಿನಯದಿಂದಲೇ ವಾಪಸು ಕೊಟ್ಟ. ‘ಇದು ನಡೆಯುವುದಿಲ್ಲ ಸರ್, ಪಾಸ್‌ಪೋರ್ಟ್ ಇದೆಯೇ?’ ಎಂದ. ಪಾಸ್‌ಪೋರ್ಟ್ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ, ಮಗಳ ಮನೆಯ ಬೀರುವಿನಲ್ಲಿತ್ತು. ಮೊಬೈಲಿನಲ್ಲಿದ್ದ ಅದರ ಫೋಟೋ ತೋರಿಸಿದೆ. ಅದೂ ಆಗುವುದಿಲ್ಲ ಎಂದ. ನಮ್ಮ ಹಿಂದೆ ಐವತ್ತು ಜನರ ಸಾಲಿತ್ತು. ನಾನು, ಹೆಂಡತಿ, ಮಗಳು, ಅಳಿಯ ನಾಲ್ವರೂ ಸಾಲಿನಿಂದ ಹೊರಗೆ ಬಂದೆವು.

ನನಗೆ ಬಹಳ ಅವಮಾನವಾಯಿತು. ಮೊಮ್ಮಗನ ವಯಸ್ಸಿನವನು ನನ್ನ ವಯಸ್ಸು ಕೇಳುತ್ತಾನಲ್ಲ ಎಂಬ ಸಂಕಟ. ಅಳಿಯ ಆಮೇಲೆ ಸಮಾಧಾನವಾಗಿ ವಿವರಿಸಿದರು. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಮದ್ಯ ಮಾರುವವರು ಯಾವ ಗುರುತಿನ ಚೀಟಿ ನೋಡಬೇಕು ಎಂಬುದಕ್ಕೆ ಕಾನೂನಿನ ಪಟ್ಟಿಯೇ ಇದೆ. ಅಮೆರಿಕದ ರಾಜ್ಯಗಳು ಕೊಟ್ಟ ಲೈಸೆನ್ಸ್ ಅಥವಾ ಗುರುತಿನ ಚೀಟಿ, ಅಲ್ಲಿನ ಸೈನ್ಯದ ಚೀಟಿ, ಯಾವುದೇ ದೇಶದ ಭಾವಚಿತ್ರವಿರುವ ಪಾಸ್‌ಪೋರ್ಟ್, ಇಂಥವು ನಡೆಯುತ್ತವೆ. ನಮ್ಮ ಲೈಸೆನ್ಸ್, ಆಧಾರ್, ಪ್ಯಾನ್ ಯಾವುದೂ ಆ ಪಟ್ಟಿಯಲ್ಲಿಲ್ಲ. ಆ ಹುಡುಗನಿಗೆ ನನ್ನ ವಯಸ್ಸಿನ ಬಗ್ಗೆ ಅನುಮಾನವಿರಲಿಲ್ಲ, ಕೈಗೆ ಬಂದ ಚೀಟಿ ಲೆಕ್ಕಕ್ಕೆ ಬರುವಂಥದ್ದಾಗಿರಲಿಲ್ಲ. ಮಕ್ಕಳನ್ನು ನೋಡಲು ಆರು ತಿಂಗಳಿಗೆಂದು ಬರುವ ನನ್ನಂಥ ತಂದೆತಾಯಂದಿರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅಂದು ನಮ್ಮ ತಾಳ್ಮೆ ಅಷ್ಟು ಬೇಗ ಮುಗಿಯಲು ಬಸ್ಸೂ ಕಾರಣ. ಹಿಂದಿನ ದಿನ ನ್ಯೂಯಾರ್ಕಿನಲ್ಲಿ ಉಳಿದಿದ್ದೆವು. ಅಲ್ಲಿಂದ ಫಿಲಡೆಲ್ಫಿಯಾಕ್ಕೆ ಅಗ್ಗದ ಬಸ್ಸಿದೆ ಎಂದು ನಾಲ್ಕು ಸೀಟು ಕಾಯ್ದಿರಿಸಿದೆವು. ಬಸ್ಸು ಹೊರಟಿದ್ದು ಒಂದು ಗಂಟೆ ನಲವತ್ತು ನಿಮಿಷ ತಡವಾಗಿ. ಅಷ್ಟು ಹೊತ್ತೂ ಬಿಸಿಲಿನ ಫುಟ್‌ಪಾತಿನ ಮೇಲೆ ನಿಂತೇ ಇದ್ದೆವು. ನನ್ನ ಹೆಂಡತಿಗೆ ಮಂಡಿ ನೋವು. ಕೂರಲು ಒಂದು ಕಲ್ಲೂ ಇರಲಿಲ್ಲ. ಒಳಗೆ ಏಸಿ ನಮ್ಮ ಸೀಟಿನ ಕಡೆ ಬರುತ್ತಲೇ ಇರಲಿಲ್ಲ, ಹಿಂದಿನ ಶೌಚಾಲಯಕ್ಕೆ ಬೀಗ. ಚಾಲಕನನ್ನು ಕೇಳಿದರೆ ‘ಎರಡು ಗಂಟೆಯ ದಾರಿ ತಾನೇ’ ಎಂದ. ಇಳಿಸಿದ್ದು ಸ್ಪ್ರಿಂಗ್ ಗಾರ್ಡನ್ ಬೀದಿಯ ಪೂರ್ವದ ತುದಿಯಲ್ಲಿ, ಹೆದ್ದಾರಿಯ ಮಗ್ಗುಲಲ್ಲಿ, ರಸ್ತೆಯ ಬದಿಯಲ್ಲಿ. ನಗರದ ನಡುವಿನ ಫಿಲ್ಬರ್ಟ್ ಬೀದಿಯ ಹಳೆಯ ಬಸ್ ನಿಲ್ದಾಣ 2023ರಲ್ಲೇ ಮುಚ್ಚಿತ್ತು. ನಿಮ್ಮ ಬಸ್ಸು ಎಲ್ಲಿ ಇಳಿಸುತ್ತದೆ ಎಂದು ಟಿಕೆಟ್ ಕೊಳ್ಳುವ ಮುಂಚೆ ಕೇಳಿಕೊಳ್ಳಿ. ಹಿರಿಯರು ಜೊತೆಗಿದ್ದರೆ ಆ ಅಗ್ಗದ ಬಸ್ಸು ಬೇಡವೇ ಬೇಡ.

ಎಡಿಸನ್, ಐಸೆಲಿನ್, ಪ್ರಿನ್ಸ್‌ಟನ್ ಕಡೆ ಇರುವ ಕನ್ನಡಿಗರಿಗೆ ರೈಲೇ ಸುಖ. ನ್ಯೂಜೆರ್ಸಿ ಟ್ರಾನ್ಸಿಟ್ ರೈಲಿನಲ್ಲಿ ಟ್ರೆಂಟನ್‌ವರೆಗೆ ಬಂದು, ಅಲ್ಲಿ ಸೆಪ್ಟಾ ಸಂಸ್ಥೆಯ ಟ್ರೆಂಟನ್ ಲೈನ್ ರೈಲಿಗೆ ಬದಲಾಯಿಸಿದರೆ ಫಿಲಡೆಲ್ಫಿಯಾದ ಒಳಗೇ ಇಳಿಯಬಹುದು. ಎರಡು ಟಿಕೆಟ್ ಬೇರೆಬೇರೆ ಕೊಳ್ಳಬೇಕು, ಅಷ್ಟೇ. ಎರಡನೆಯ ಸಲ ನಾವು ಹೀಗೇ ಹೋದೆವು. ಅಂದು ಗುರುವಾರ.

ಈ ಪಾಪ್-ಅಪ್ ಬಿಯರ್ ಗಾರ್ಡನ್ ಎಂದರೇನು ಎಂದು ಊರಿನ ಗೆಳೆಯರು ಫೋನಿನಲ್ಲಿ ಕೇಳಿದಾಗ ನಾನು ಟೂರಿಂಗ್ ಟಾಕೀಸನ್ನು ನೆನಪಿಸಿದೆ. ಟೆಂಟು ಹೊತ್ತು ಊರೂರು ತಿರುಗಿ, ಒಂದಿಷ್ಟು ದಿನ ಇದ್ದು, ಗಂಟು ಕಟ್ಟಿಕೊಂಡು ಮುಂದಿನ ಊರಿಗೆ ಹೋಗುತ್ತಿತ್ತಲ್ಲ, ಇದೂ ಹಾಗೆಯೇ. ಫಿಲಡೆಲ್ಫಿಯಾದಲ್ಲಿ ಇಂಥವು ಹಲವು ಬಗೆ. 1827ರಲ್ಲಿ ಶುರುವಾದ ಪೆನ್ಸಿಲ್ವೇನಿಯಾ ಹಾರ್ಟಿಕಲ್ಚರಲ್ ಸೊಸೈಟಿ ಎಂಬ ತೋಟಗಾರಿಕೆ ಸಂಘದವರು ಸುಮಾರು 2011ರಿಂದ ನಗರದ ಖಾಲಿ ನಿವೇಶನಗಳಲ್ಲಿ ಬೇಸಿಗೆಗೆಂದು ತಾತ್ಕಾಲಿಕ ತೋಟ ಮಾಡತೊಡಗಿದರು. ಮುಂದೆ ಅಂಥ ತೋಟಗಳಲ್ಲಿ ಬಿಯರೂ ಬಂತು. ಡೆಲವೇರ್ ನದಿಯ ದಡದಲ್ಲಿ 2014ರಿಂದ ಸ್ಪ್ರೂಸ್ ಸ್ಟ್ರೀಟ್ ಹಾರ್ಬರ್ ಪಾರ್ಕ್ ಇದೆ. ಮರದಿಂದ ಮರಕ್ಕೆ ಬಲೆಯ ಜೋಲಿ ಕಟ್ಟಿ, ಮೇಲೆ ಬಣ್ಣದ ದೀಪ ಹಾಕಿರುತ್ತಾರೆ. 2016ರಲ್ಲಿ ‘ಪಾರ್ಕ್ಸ್ ಆನ್ ಟ್ಯಾಪ್’ ಶುರುವಾಯಿತು. ಇದು ನಿಜಕ್ಕೂ ಸಂಚಾರಿ. ಒಂದು ವಾರ ಒಂದು ಉದ್ಯಾನದಲ್ಲಿದ್ದರೆ ಮುಂದಿನ ವಾರ ಇನ್ನೊಂದರಲ್ಲಿ. ಲಾರಿಯಲ್ಲೇ ಬಿಯರಿನ ನಲ್ಲಿ, ಲಾರಿಯಲ್ಲೇ ಅಡುಗೆ, ಮಡಚುವ ಕುರ್ಚಿಗಳು. ಬಂದ ಹಣದಲ್ಲಿ ಒಂದು ಪಾಲು ನಗರದ ಉದ್ಯಾನಗಳಿಗೇ ಹೋಗುತ್ತದೆ. ಪ್ರವೇಶಕ್ಕೆ ಹಣವಿಲ್ಲ. ಮಕ್ಕಳೂ ಬರಬಹುದು, ನಾಯಿಗಳೂ ಬರಬಹುದು. ಇಲ್ಲಿ ಚೀಟಿ ಕೇಳುವುದು ಬಿಯರ್ ಕೊಳ್ಳುವಾಗ, ಕೌಂಟರಿನ ಬಳಿ ಮಾತ್ರ.

ಸಂಚಾರಿ ಎಂಬುದನ್ನು ಮರೆತರೆ ಏನಾಗುತ್ತದೆ ಎಂದು ನಮಗೆ ಗುರುವಾರ ಗೊತ್ತಾಯಿತು. ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದ ಪಾರ್ಕ್ಸ್ ಆನ್ ಟ್ಯಾಪ್ ವೇಳಾಪಟ್ಟಿಯಲ್ಲಿ ಆ ವಾರ ಫೇರ್‌ಮೌಂಟ್ ವಾಟರ್ ವರ್ಕ್ಸ್ ಎಂದಿತ್ತು. ಕಲಾ ವಸ್ತುಸಂಗ್ರಹಾಲಯದ ಹಿಂದೆ, ಸ್ಕೂಕಲ್ ನದಿಯ ದಡದಲ್ಲಿ, ಗ್ರೀಕ್ ದೇವಾಲಯಗಳಂತೆ ಕಾಣುವ ಬಿಳಿಯ ಕಟ್ಟಡಗಳು. 1815ರಿಂದ 1909ರವರೆಗೆ ನಗರಕ್ಕೆ ನೀರೆತ್ತುತ್ತಿದ್ದ ಜಾಗ ಅದು. ಸೊಗಸಾದ ಸ್ಥಳ, ನೋಡಲೇಬೇಕು. ಆದರೆ ಬಿಯರ್ ಗಾರ್ಡನ್ ಇರಲಿಲ್ಲ. ಖಾಲಿ ಹುಲ್ಲು, ನಾಲ್ಕು ಬಾತುಕೋಳಿ. ಮಗಳು ಮೊಬೈಲ್ ತೆಗೆದು ನೋಡಿದಾಗ ತಿಳಿಯಿತು, ನಮ್ಮ ಪಟ್ಟಿ ಹಿಂದಿನ ವರ್ಷದ್ದು. ಆ ವಾರ ಗಾರ್ಡನ್ ಇದ್ದದ್ದು ನಗರದ ಪಶ್ಚಿಮಕ್ಕೆ, ಕ್ಲಾರ್ಕ್ ಪಾರ್ಕಿನಲ್ಲಿ. ಆದ್ದರಿಂದ ಬೇರೆಯವರು ಕಳಿಸಿದ ಪಟ್ಟಿಯನ್ನು ನಂಬಬೇಡಿ. ಹೊರಡುವ ದಿನ ಬೆಳಿಗ್ಗೆ ಅವರದೇ ಪುಟದಲ್ಲಿ ಸ್ಥಳ ನೋಡಿ, ಮಧ್ಯಾಹ್ನ ಇನ್ನೊಮ್ಮೆ ನೋಡಿ. ಮಳೆ ಬಂದರೆ ಅಂದಿನ ಮಟ್ಟಿಗೆ ಮುಚ್ಚಿಬಿಡುತ್ತಾರೆ, ಜುಲೈನಲ್ಲಿ ಅಲ್ಲಿ ಸಂಜೆಯ ಗುಡುಗು ಮಳೆ ಹೊಸದೇನಲ್ಲ.

ಕ್ಲಾರ್ಕ್ ಪಾರ್ಕ್ ತಲುಪಿದ್ದು ಆರು ಗಂಟೆಗೆ. ಆ ಅಲೆದಾಟ ಸಾರ್ಥಕವಾಯಿತು. ಒಂದು ಕಾಲದಲ್ಲಿ ಗಿರಣಿಯ ಕೊಳವಾಗಿದ್ದ ದೊಡ್ಡ ತಗ್ಗು, ಈಗ ಬಟ್ಟಲಿನಾಕಾರದ ಹುಲ್ಲುಗಾವಲು. ಸುತ್ತ ಮುಗಿಲೆತ್ತರದ ಮರಗಳು. ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಜನ ಕುಳಿತಿದ್ದರು. ನಮ್ಮ ಪಕ್ಕದಲ್ಲಿ ನನಗಿಂತ ಹಿರಿಯರಾದ ದಂಪತಿ ಮನೆಯಿಂದ ತಂದ ಇಸ್ಪೀಟು ಆಡುತ್ತಿದ್ದರು. ಇನ್ನೊಂದು ಕಡೆ ಎಳೆಗೂಸನ್ನು ಎದೆಗೆ ಕಟ್ಟಿಕೊಂಡ ತಾಯಿ. ಮಕ್ಕಳು ತಗ್ಗಿನಲ್ಲಿ ಉರುಳುತ್ತಿದ್ದರು. ಯಾರೂ ಕಿರುಚುತ್ತಿರಲಿಲ್ಲ, ಕಿವಿಗಡಚಿಕ್ಕುವ ಹಾಡಿರಲಿಲ್ಲ.

ನಮ್ಮ ಕಡೆಯ ಬಾರುಗಳು ನನಗೆ ಗೊತ್ತು. ಕಪ್ಪು ಗಾಜು, ಮಂದ ದೀಪ, ಬರೀ ಗಂಡಸರು, ಪರಿಚಿತರು ಕಂಡರೆ ಮುಖ ಆ ಕಡೆ ತಿರುಗಿಸುವುದು. ನಲವತ್ತು ವರ್ಷದ ಸಂಸಾರದಲ್ಲಿ ನಾನು ಬಿಯರ್ ಕುಡಿಯುವುದನ್ನು ನನ್ನ ಹೆಂಡತಿ ಎದುರು ಕುಳಿತು ನೋಡಿರಲಿಲ್ಲ. ಅಂದು ಅವಳು ನಿಂಬೆ ಶರಬತ್ತು ಹಿಡಿದು, ಕಾಲು ಚಾಚಿ, ‘ಇದು ಬಾರ್ ಅಲ್ಲ ಬಿಡಿ, ಗಾಜಿನಮನೆ ಪಾರ್ಕಿನಲ್ಲಿ ಕೂತ ಹಾಗೇ ಇದೆ’ ಎಂದಳು. ನನಗೂ ಹಾಗೇ ಅನ್ನಿಸಿತ್ತು.

ಈ ಸಲ ಪಾಸ್‌ಪೋರ್ಟ್ ಅಂಗಿಯ ಒಳಜೇಬಿನಲ್ಲಿತ್ತು. ಅಳಿಯ ‘ಮಾವ, ಬರೀ ಲಾಗರ್ ಎನ್ನಿ, ಸಾಕು’ ಎಂದು ಹೇಳಿಕೊಟ್ಟಿದ್ದರು. ಫಿಲಡೆಲ್ಫಿಯಾದಲ್ಲಿ ಲಾಗರ್ ಎಂದರೆ ಯೂಂಗ್‌ಲಿಂಗ್ ಎಂದೇ ಅರ್ಥ. ಇದೇ ರಾಜ್ಯದ ಪಾಟ್ಸ್‌ವಿಲ್ ಊರಿನಲ್ಲಿ 1829ರಲ್ಲಿ ಶುರುವಾದ, ಅಮೆರಿಕದಲ್ಲಿ ಈಗಲೂ ನಡೆಯುತ್ತಿರುವ ಅತ್ಯಂತ ಹಳೆಯ ಬ್ರೂವರಿಯ ಬಿಯರ್ ಅದು. ಹಣ್ಣಿನ ಪರಿಮಳದ ದುಬಾರಿ ಬಿಯರುಗಳ ಉದ್ದನೆಯ ಫಲಕ ನೋಡಿ ಗಾಬರಿಯಾಗುವವರಿಗೆ ಆ ಒಂದು ಪದ ಸಾಕು, ಎಲ್ಲ ಕಡೆ ನಡೆಯುತ್ತದೆ ಎಂದು ಅಳಿಯ ಹೇಳಿದರು. ನನಗೆ ಹದವಾಗಿಯೇ ಇತ್ತು.

ಹಣದ ವಿಷಯ ಸ್ಪಷ್ಟವಾಗಿ ಹೇಳಬೇಕು. ಫಲಕದಲ್ಲಿ ಬರೆದದ್ದು ಕೊಡುವ ಹಣವಲ್ಲ. ಫಿಲಡೆಲ್ಫಿಯಾದಲ್ಲಿ ಬಡಿಸುವ ಮದ್ಯದ ಮೇಲೆ ಶೇ 10 ತೆರಿಗೆ, ತಿಂಡಿಯ ಮೇಲೆ ಶೇ 8. ಸಿಹಿ ಪಾನೀಯಗಳಿಗೆ 2017ರಿಂದ ಔನ್ಸಿಗೆ ಒಂದೂವರೆ ಸೆಂಟಿನ ನಗರ ತೆರಿಗೆ ಬೇರೆ. ಕಾರ್ಡ್ ಉಜ್ಜುವಾಗ ಪರದೆಯ ಮೇಲೆ ಟಿಪ್ಸ್ ಎಷ್ಟು ಎಂದು ಕೇಳುತ್ತದೆ, ಮೊದಲು ಕಾಣುವುದೇ ಶೇ 20. ಹಾಗೆ ಎರಡು ಬಿಯರ್, ಎರಡು ಶರಬತ್ತು ಕೊಂಡರೆ ನಲವತ್ತು ಡಾಲರಿಗೆ ಹತ್ತಿರ ಬಂತು. ತಿಂಡಿ ಅಲ್ಲಿ ಕೊಳ್ಳಬೇಡಿ. ಸಸ್ಯಾಹಾರಿಗಳಿಗೆ ಕರಿದ ಆಲೂಗಡ್ಡೆ, ಚೀಸು ಬಿಟ್ಟರೆ ಹೆಚ್ಚೇನೂ ಕಾಣಲಿಲ್ಲ. ಒಂದು ಲೋಟ ಹಿಡಿದು ಎರಡು ಗಂಟೆ ಕೂತರೂ ಏಳಿ ಎನ್ನುವವರಿಲ್ಲ, ನಾವು ಕೊಡುವುದು ಆ ಜಾಗಕ್ಕೆ ಎಂದುಕೊಳ್ಳಿ.

ಹೊಟ್ಟೆಗೆ ಬೇರೆ ದಾರಿಯಿದೆ, ಅದನ್ನು ಎಷ್ಟು ಹೊಗಳಿದರೂ ನನಗೆ ತೃಪ್ತಿಯಿಲ್ಲ. ಕ್ಲಾರ್ಕ್ ಪಾರ್ಕಿನಿಂದ ಬಾಲ್ಟಿಮೋರ್ ಅವೆನ್ಯೂದಲ್ಲಿ ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಇಥಿಯೋಪಿಯಾ ಕಡೆಯವರ ಊಟದ ಮನೆಗಳು ಸಿಗುತ್ತವೆ. ನಾವು ಹೊಕ್ಕಿದ್ದು ಚಿಕ್ಕದೊಂದು, ಆರೇಳು ಮೇಜು. ಮಾಂಸ, ಮೊಟ್ಟೆ ಬೇಡ ಎಂದು ಮಗಳು ವಿವರಿಸುವ ಮುಂಚೆಯೇ ಒಡತಿ ‘ಉಪವಾಸದ ಊಟ ತಾನೇ?’ ಎಂದರು. ಅವರ ಕ್ರೈಸ್ತ ಸಂಪ್ರದಾಯದಲ್ಲಿ ಬುಧವಾರ, ಶುಕ್ರವಾರ ಉಪವಾಸ. ಅಂದು ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು ಬೆಣ್ಣೆಯೂ ಇಲ್ಲ. ಹೀಗಾಗಿ ಎಣ್ಣೆಯಲ್ಲೇ ಮಾಡಿದ ಬೇಳೆ ಸೊಪ್ಪಿನ ಅಡುಗೆ ಅವರಲ್ಲಿ ನೂರಾರು ವರ್ಷಗಳಿಂದ ಪಳಗಿದೆ. ದೊಡ್ಡ ತಟ್ಟೆಯ ತುಂಬ ಇಂಜೆರಾ ಹಾಸಿ ತಂದರು. ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟನ್ನು ಹುಳಿ ಬರಿಸಿ ಒಂದೇ ಮಗ್ಗುಲು ಬೇಯಿಸಿದ್ದು, ಮೇಲೆಲ್ಲ ಕಣ್ಣು ಕಣ್ಣು. ನಮ್ಮ ಸೆಟ್ ದೋಸೆಯ ಮೃದು, ಆದರೆ ಹುಳಿ ಒಂದು ಕೈ ಮುಂದು. ಅದರ ಮೇಲೆ ಗುಡ್ಡೆ ಗುಡ್ಡೆಯಾಗಿ ಖಾರದ ಕೆಂಪು ಮಸೂರ ಬೇಳೆ, ಅರಿಶಿನದ ಬಟಾಣಿ ಬೇಳೆ, ಸೊಪ್ಪಿನ ಪಲ್ಯ, ಎಲೆಕೋಸು ಆಲೂಗಡ್ಡೆ ಕ್ಯಾರೆಟ್. ನಡುವೆ ಶಿರೊ. ಕಡಲೆ ಹಿಟ್ಟಿನದು, ಬಾಯಿಗಿಟ್ಟ ಕೂಡಲೇ ನನ್ನ ಹೆಂಡತಿ ‘ಜುಣಕ!’ ಎಂದಳು. ಅವಳ ತವರು ಹಾವೇರಿ. ನಾಲ್ಕು ತಿಂಗಳಲ್ಲಿ ಹೊರಗೆ ಎಲ್ಲೂ ಅವಳು ಎರಡನೆಯ ಸಲ ಬಡಿಸಿಕೊಂಡಿರಲಿಲ್ಲ, ಅಲ್ಲಿ ಬಡಿಸಿಕೊಂಡಳು. ಚಮಚವಿಲ್ಲ, ಎಲ್ಲರೂ ಒಂದೇ ತಟ್ಟೆಯಿಂದ ಬಲಗೈಯಲ್ಲಿ ಹರಿದು ತಿನ್ನಬೇಕು. ಮೂವರ ತಟ್ಟೆ ತರಿಸಿದೆವು, ನಾಲ್ವರಿಗೂ ಉಳಿಯಿತು. ನಮ್ಮ ಬಿಯರು ಶರಬತ್ತಿನ ಬಿಲ್ಲಿಗಿಂತ ಕಡಿಮೆ ಹಣದಲ್ಲಿ ನಾಲ್ವರ ಊಟ. ಹೊರಡುವಾಗ ಒಡತಿ ನನ್ನ ಹೆಂಡತಿಯ ಕೈ ಹಿಡಿದು ಏನೋ ಹೇಳಿದರು, ಭಾಷೆ ತಿಳಿಯಲಿಲ್ಲ. ಇವಳು ಕನ್ನಡದಲ್ಲೇ ಉತ್ತರ ಕೊಟ್ಟಳು.

ಹಿರಿಯರಿಗೆ ಇನ್ನೂ ಕೆಲವು ಮಾತು. ಹುಲ್ಲಿನ ಮೇಲೆ ಹಾಕುವ ಓರೆ ಬೆನ್ನಿನ ಮರದ ಕುರ್ಚಿ ತುಂಬ ತಗ್ಗು. ಮಂಡಿ ನೋವಿನವರು ಅದರಲ್ಲಿ ಕೂತರೆ ಇಬ್ಬರು ಹಿಡಿದೆತ್ತಬೇಕು. ಉದ್ದನೆಯ ಬೆಂಚಿನ ಮೇಜು ಹುಡುಕಿ. ಶೌಚಾಲಯ ಪ್ಲಾಸ್ಟಿಕ್ಕಿನ ತಾತ್ಕಾಲಿಕ ಗೂಡು, ಒಳಗೆ ನೀರಿಲ್ಲ. ಊಟದ ಮನೆಯಲ್ಲೇ ಮುಗಿಸಿಕೊಂಡು ಬನ್ನಿ. ಸೂರ್ಯ ಮುಳುಗುವುದು ಎಂಟೂವರೆಗೆ, ಸೊಳ್ಳೆ ಶುರುವಾಗುವುದು ಅದಕ್ಕೂ ಅರ್ಧ ಗಂಟೆ ಮೊದಲು. ಕಾಲುಚೀಲ ಹಾಕಿಕೊಳ್ಳಿ.

ಜೋಲಿಯ ಆಸೆಗೆ ಸ್ಪ್ರೂಸ್ ಸ್ಟ್ರೀಟ್ ಹಾರ್ಬರ್ ಪಾರ್ಕಿಗೆ ಹೋಗುವುದಾದರೆ ಮಂಗಳವಾರವೋ ಬುಧವಾರವೋ ಮಧ್ಯಾಹ್ನ ಹೋಗಿ. ನನಗೆ ನೂಕುನುಗ್ಗಲು ಸಹಿಸಲಾಗುವುದಿಲ್ಲ, ಶನಿವಾರ ರಾತ್ರಿ ಅಲ್ಲಿ ಹತ್ತು ನಿಮಿಷ ನಿಂತು ಹಿಂದಿರುಗಿದೆ. ಗದ್ದಲ ಇಷ್ಟಪಡುವ ವಯಸ್ಸಿನವರಿಗೆ ಅದೇ ಹಬ್ಬದಂತಿರಬಹುದು. ಪಾರ್ಕ್ಸ್ ಆನ್ ಟ್ಯಾಪ್ ಗಾರ್ಡನ್ ಸ್ಕೂಕಲ್ ಬ್ಯಾಂಕ್ಸ್ ಎಂಬ ನದಿಯ ದಡದಲ್ಲಿ ಬೀಡುಬಿಟ್ಟಿರುವ ವಾರ ಸಿಕ್ಕರೆ ಬಿಡಬೇಡಿ. 30ನೇ ಬೀದಿಯ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಆ ದಡದ ಉದ್ದಕ್ಕೂ ಗೂಡ್ಸ್ ರೈಲಿನ ಹಳಿಯಿದೆ, ಕೆಲವೊಮ್ಮೆ ಉದ್ದನೆಯ ಗಾಡಿ ದಾರಿಗೆ ಅಡ್ಡ ನಿಂತುಬಿಡುತ್ತದೆ. ಸೇತುವೆಯಿಂದ ಇಳಿಯುವ ಮೆಟ್ಟಿಲು ಹಿಡಿದರೆ ಆ ತೊಂದರೆಯಿಲ್ಲ.

ಕ್ಲಾರ್ಕ್ ಪಾರ್ಕಿಗೆ 30ನೇ ಬೀದಿಯಿಂದ ಟ್ರಾಲಿ, ಅಂದರೆ ಟ್ರಾಮ್ ಇದೆ. ನಾವು ಹೋದಾಗ 34ನೇ ನಂಬರ್, ಈಗ ಅದಕ್ಕೆ ಟಿ2 ಎಂದು ಹೆಸರಿಟ್ಟಿದ್ದಾರೆ. ಬ್ಯಾಂಕ್ ಕಾರ್ಡನ್ನೇ ತಾಗಿಸಿ ಹತ್ತಬಹುದು. ವಾಪಸು ಬರುವಾಗ ಟ್ರೆಂಟನ್ ಲೈನಿನ ಕೊನೆಯ ರೈಲಿನ ವೇಳೆಯನ್ನು ಸಂಜೆಯೇ ನೋಡಿಟ್ಟುಕೊಳ್ಳಿ, ತಪ್ಪಿದರೆ ಟ್ಯಾಕ್ಸಿಗೆ ನೂರು ಡಾಲರಿಗೂ ಮಿಕ್ಕಿ ತೆರಬೇಕಾದೀತು. ರೈಲಿನಲ್ಲಿ ಎಡಗಡೆಯ ಕಿಟಕಿ ಹಿಡಿಯಿರಿ. ಡೆಲವೇರ್ ನದಿ ದಾಟುವಾಗ ಹತ್ತಿರದ ಸೇತುವೆಯ ಮೇಲೆ ದೊಡ್ಡ ದೊಡ್ಡ ಅಕ್ಷರಗಳು ಹೊಳೆಯುತ್ತವೆ. ಟ್ರೆಂಟನ್ ತಯಾರಿಸುತ್ತದೆ, ಜಗತ್ತು ಕೊಳ್ಳುತ್ತದೆ ಎಂಬ ಅರ್ಥದ ಸಾಲು. ನನ್ನ ಹೆಂಡತಿ ನಿದ್ದೆ ಹೋಗಿದ್ದಳು, ಎಬ್ಬಿಸಿ ತೋರಿಸಿದೆ.