ಗುಮ್ಮಟ ಕಳೆದುಕೊಂಡ ಹಜಾರ

ಕೋಲ್ಕತ್ತಾಗೆ ಹೋದಾಗ ಕರೆನ್ಸಿ ಬಿಲ್ಡಿಂಗ್ ನೋಡಲೇಬೇಕು ಅಂತ ಹಟ ಹಿಡಿದವರು ಅಪ್ಪ. ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವರು ಅವರು. 1833ರ ಈ ಮೂರಂತಸ್ತಿನ ಕಟ್ಟಡದಲ್ಲಿ ಮೊದಲು ಆಗ್ರಾ ಬ್ಯಾಂಕ್ ಇತ್ತು. 1868ರಲ್ಲಿ ಸರ್ಕಾರ ಇದರ ದೊಡ್ಡ ಭಾಗವನ್ನು ತೆಗೆದುಕೊಂಡು ನೋಟು ಹೊರಡಿಸುವ ಕಚೇರಿ ಮಾಡಿತು. ರಿಸರ್ವ್ ಬ್ಯಾಂಕ್ ಕೂಡ ತನ್ನ ಮೊದಲ ವರ್ಷಗಳಲ್ಲಿ, 1937ರವರೆಗೆ, ಇಲ್ಲೇ ಇತ್ತು. ಅಪ್ಪನಿಗೆ ಅಷ್ಟು ಸಾಕಿತ್ತು.

ಇಟಾಲಿಯನ್ ಶೈಲಿಯ ಕಟ್ಟಡ. ಬಾಗಿಲಲ್ಲಿ ಕಮ್ಮಾರರು ಬಡಿದು ಮಾಡಿದ ಭಾರೀ ಕಬ್ಬಿಣದ ಗೇಟು. ಅದನ್ನು ದಾಟಿ ನಡುವಿನ ಹಜಾರಕ್ಕೆ ಬಂದರೆ ತಲೆಯ ಮೇಲೆ ಬರೀ ಆಕಾಶ! ಒಂದು ಕಾಲಕ್ಕೆ ಇಲ್ಲಿ ಬೆಳಕಿಂಡಿಗಳಿದ್ದ ದೊಡ್ಡ ಗುಮ್ಮಟ ಇತ್ತು. ಅದರ ಕೆಳಗೆ ಸಾಲಾಗಿ ಕೌಂಟರುಗಳು. ನೋಟು, ಚಿನ್ನ, ಬೆಳ್ಳಿ, ಚಿಲ್ಲರೆ ಎಲ್ಲ ಅಲ್ಲೇ ಕೈ ಬದಲಾಗುತ್ತಿದ್ದವು. 'ಕ್ಯೂ ಇಲ್ಲಿವರೆಗೂ ಬಂದಿರ್ತಿತ್ತು ನೋಡು' ಅಂತ ಅಪ್ಪ ತಾವೇ ಜಾಗ ಅಳೆದು ತೋರಿಸಿದರು.

ಆ ಗುಮ್ಮಟ ತಾನಾಗಿ ಬೀಳಲಿಲ್ಲ. ಕಟ್ಟಡ ಅಪಾಯದಲ್ಲಿದೆ ಅಂತ 1996ರಲ್ಲಿ ಕೆಡವಲು ಶುರು ಮಾಡಿದರು. ವಿರೋಧ ಬಂದು ಕೆಲಸ ನಿಲ್ಲುವಷ್ಟರಲ್ಲಿ ಗುಮ್ಮಟ ಹೋಗಿತ್ತು. 2005ರಲ್ಲಿ ಪುರಾತತ್ವ ಇಲಾಖೆ ಕೈಗೆ ತೆಗೆದುಕೊಂಡಿತು, ದುರಸ್ತಿಯಾಗಿ 2020ರಲ್ಲಿ ಬಾಗಿಲು ತೆರೆಯಿತು.

ನನಗೆ ಜಾಸ್ತಿ ಹಿಡಿಸಿದ್ದು ಆ ಗಾಯವನ್ನು ಮುಚ್ಚದೆ ಬಿಟ್ಟಿದ್ದು. ಗಾರೆ ಇಲ್ಲದ ಇಟ್ಟಿಗೆ ಗೋಡೆ ಹಾಗೇ ಕಾಣುತ್ತದೆ. ಸುತ್ತಲಿನ ಕೋಣೆಗಳಲ್ಲಿ ಕತ್ತೆತ್ತಿದರೆ ಚಾವಣಿಯ ಗುಟ್ಟು ತಿಳಿಯುತ್ತದೆ. ಕಬ್ಬಿಣದ ತೊಲೆಗಳು, ಎರಡು ತೊಲೆಗಳ ನಡುವೆ ಇಟ್ಟಿಗೆಯ ಪುಟ್ಟ ಕಮಾನು. ಮೇಲಿನ ಭಾರ ಕಮಾನಿನಿಂದ ತೊಲೆಗೆ, ತೊಲೆಯಿಂದ ದಪ್ಪ ಗೋಡೆಗೆ. ಬ್ಯಾಂಕು ನಡೆಯುತ್ತಿದ್ದಾಗ ಬಂದಿದ್ದರೆ ಗೋಡೆಯ ಒಳಮೈ ನೋಡಲು ಸಿಗುತ್ತಿತ್ತಾ?

ಅಪ್ಪ ಒಪ್ಪಲಿಲ್ಲ. 'ಗುಮ್ಮಟ ಮತ್ತೆ ಕಟ್ಟಬಹುದಿತ್ತು ಅಲ್ವಾ?' ಅಂದರು. ಹೊಸ ಗುಮ್ಮಟ ಕೂರಿಸಿದ್ದರೆ ಇಲ್ಲಿ ಏನೂ ಆಗಿಯೇ ಇಲ್ಲ ಅನ್ನಿಸುತ್ತಿತ್ತು, ಕೆಡವಿದ್ದೇ ಮರೆತುಹೋಗುತ್ತಿತ್ತು ಅಂದೆ. ಹೊರಗೆ ಬಂದ ಮೇಲೂ ವಾದ ನಿಲ್ಲಲಿಲ್ಲ. ಅದೇ ಚೌಕದಲ್ಲಿ 1868ರ ಅಂಚೆ ಕಚೇರಿಯ ಬಿಳಿ ಗುಮ್ಮಟ ಗಟ್ಟಿಯಾಗಿ ನಿಂತಿದೆ. ಅಪ್ಪ ಅದರತ್ತ ಕೈ ತೋರಿಸಿ, 'ಅದನ್ನ ಯಾರೂ ಅಪಾಯ ಅನ್ನಲಿಲ್ಲ, ಇದನ್ನ ಯಾಕೆ ಅಂದ್ರು?' ಅಂದರು. ಆ ಪ್ರಶ್ನೆಯಲ್ಲಿ ಮಾತ್ರ ನಾವಿಬ್ಬರೂ ಒಂದೇ ಕಡೆ ಇದ್ದೆವು.