ಎರಡೂ ಬ್ರೇಕ್ ಹಾಕಿದ್ರಾ?

ಫೋನ್ ಮಾಡಿದವರೆಲ್ಲ ಕೇಳುತ್ತಾರೆ, "ಅಮೆರಿಕಾದಲ್ಲಿ ನರ್ಸಾ?" ಅಂತ. ಅಲ್ಲ, ನಾನು ನರ್ಸಿಂಗ್ ಅಸಿಸ್ಟೆಂಟ್. ಇಲ್ಲಿನವರ ಬಾಯಲ್ಲಿ ಸಿಎನ್‌ಎ. ಇಂಜೆಕ್ಷನ್, ಮಾತ್ರೆ ನನ್ನ ಕೈಗೆ ಬರುವುದಿಲ್ಲ. ಸ್ನಾನ, ಬಟ್ಟೆ, ಊಟ, ಟಾಯ್ಲೆಟ್, ಎಬ್ಬಿಸುವುದು, ಕೂರಿಸುವುದು, ಮಗ್ಗುಲು ಬದಲಿಸುವುದು, ಇವು ನನ್ನ ಕೆಲಸ. "ಅಯ್ಯೋ, ಅದಕ್ಕೂ ಟ್ರೇನಿಂಗಾ?" ಎಂದವರಿದ್ದಾರೆ. ಪರೀಕ್ಷೆಯಲ್ಲಿ ಫೇಲ್ ಆಗುವ ತನಕ ನಾನೂ ಹಾಗೇ ಅಂದುಕೊಂಡಿದ್ದೆ.

ಇಲ್ಲಿ ನರ್ಸಿಂಗ್ ಹೋಮ್ ಅಂದರೆ ಹೆಚ್ಚಾಗಿ ವಯಸ್ಸಾದವರು ವರ್ಷಗಟ್ಟಲೆ ಇರುವ ಜಾಗ. 1987ರಲ್ಲಿ ಬಂದ ಕೇಂದ್ರ ಕಾನೂನಿನ ಪ್ರಕಾರ ಅಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಕನಿಷ್ಠ 75 ಗಂಟೆ ತರಬೇತಿ ಆಗಬೇಕು. ಕೆಲವು ರಾಜ್ಯಗಳಲ್ಲಿ ಇನ್ನೂ ಜಾಸ್ತಿ, ಕ್ಯಾಲಿಫೋರ್ನಿಯಾದಲ್ಲಿ 160 ಗಂಟೆ. ಆಮೇಲೆ ಬರೆಯುವ ಪರೀಕ್ಷೆ ಒಂದು, ಕೈಯಾರೆ ಮಾಡಿ ತೋರಿಸುವ ಪರೀಕ್ಷೆ ಒಂದು. ಎರಡೂ ಪಾಸಾದರೆ ರಾಜ್ಯದ ಪಟ್ಟಿಯಲ್ಲಿ ಹೆಸರು ಸೇರುತ್ತದೆ.

ನಾನು ಬಿದ್ದದ್ದು ಎರಡನೆಯದರಲ್ಲಿ. ಹಾಸಿಗೆಯಲ್ಲಿದ್ದವರನ್ನು ವೀಲ್‌ಚೇರಿಗೆ ಕೂರಿಸಬೇಕಿತ್ತು. ಜಾರದ ಚಪ್ಪಲಿ ಹಾಕಿಸಿದೆ. ಹಿಡಿದು ಎಬ್ಬಿಸಲು ಸೊಂಟಕ್ಕೆ ಬಟ್ಟೆಯ ಮೇಲೆ ಬೆಲ್ಟ್ ಕಟ್ಟಿ, ಒಳಗೆ ಬೆರಳು ಹೋಗುವಷ್ಟು ಸಡಿಲ ಇದೆಯಾ ನೋಡಿದೆ. ಮೂರು ಎಣಿಸಿ ಎಬ್ಬಿಸಿದೆ, ತಿರುಗಿಸಿದೆ, ಮೆಲ್ಲಗೆ ಕೂರಿಸಿದೆ. ಪರೀಕ್ಷಕಿ ಏನೂ ಮಾತಾಡದೆ ಬರೆದುಕೊಂಡರು. ಎಡಗಡೆ ಚಕ್ರಕ್ಕೆ ಬ್ರೇಕ್ ಹಾಕಿದ್ದೆ, ಬಲಗಡೆಯದನ್ನು ಮರೆತಿದ್ದೆ. ಅಷ್ಟಕ್ಕೇ ಫೇಲ್. ಸಿಟ್ಟು ಬಂತು. ಕುರ್ಚಿ ಅಲುಗಾಡಲೂ ಇಲ್ಲವಲ್ಲ ಅಂತ. ಮೂಳೆ ಟೊಳ್ಳಾದವರು ಬೀಳುವುದು ಅಂದರೇನು ಅಂತ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು. ಎರಡನೇ ಸಲ ಪಾಸಾದೆ. ಈಗ ಕನಸಲ್ಲೂ ಎರಡೂ ಬ್ರೇಕ್ ಮುಟ್ಟಿ ನೋಡುತ್ತೇನೆ.

ಈ ಕೆಲಸದಲ್ಲಿ ಹೀಗೆ ಸುಮ್ನೆ ಸಣ್ಣದು ಅನ್ನಿಸುವ ಸಂಗತಿಗಳೇ ಜಾಸ್ತಿ. ನಾಡಿ ನೋಡುವಾಗ ಹೆಬ್ಬೆರಳು ಇಡಬಾರದು, ಅದರದ್ದೇ ಮಿಡಿತ ನಮ್ಮನ್ನು ಮೋಸಗೊಳಿಸುತ್ತದೆ. ಉಸಿರು ಎಣಿಸುವುದಂತೂ ಒಂದು ಸಣ್ಣ ನಾಟಕ. "ಉಸಿರು ಎಣಿಸ್ತೀನಿ" ಅಂದರೆ ಯಾರಾದರೂ ಉಸಿರಾಟ ಬದಲಿಸಿಬಿಡುತ್ತಾರೆ. ಅದಕ್ಕೇ ನಾಡಿ ಎಣಿಸಿ ಮುಗಿದರೂ ಕೈ ಬಿಡದೆ, ಇನ್ನೂ ಅದನ್ನೇ ಎಣಿಸುತ್ತಿರುವ ಹಾಗೆ ಎದೆ ಏರಿಳಿಯುವುದನ್ನು ನೋಡಬೇಕು. ಹಲ್ಲುಸೆಟ್ ತೊಳೆಯುವಾಗ ಸಿಂಕಿನೊಳಗೆ ಟವೆಲ್ ಹಾಸಬೇಕು, ಜಾರಿ ಬಿದ್ದರೆ ಒಡೆಯಬಾರದು. ಬಿಸಿನೀರು ಬೇಡ, ಸೊಟ್ಟಗಾಗುತ್ತದೆ. ನಳಿಕೆ ಹಾಕಿದವರ ಮೂತ್ರ ತುಂಬುವ ಪ್ಲಾಸ್ಟಿಕ್ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೇ ಇರಬೇಕು, ಆದರೆ ನೆಲ ಮುಟ್ಟಬಾರದು.

ಮನೆಯಲ್ಲಿ ಮಲಗಿದಲ್ಲೇ ಇರುವವರನ್ನು ನೋಡಿಕೊಳ್ಳುವವರು ಇದನ್ನೊಂದು ಗಮನಿಸಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ನಮಗೆ ಕಲಿಸುತ್ತಾರೆ. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ. ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ, ಇಲ್ಲೇ ಹುಣ್ಣು ಶುರುವಾಗುವುದು. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಅದು ಬಿಳಿಚಿಕೊಳ್ಳದೆ ಕೆಂಪಾಗೇ ಉಳಿದರೆ ನಾನು ಓಡಿಹೋಗಿ ನರ್ಸಿಗೆ ಹೇಳುತ್ತೇನೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಇರಬಹುದು. ಆಗ ಮುಟ್ಟಿಯೇ ನೋಡಬೇಕು, ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ. ಅದನ್ನು ತಿಕ್ಕಬೇಡಿ. ಮಲಗಿದವರನ್ನು ದಿಂಬಿನ ಕಡೆಗೆ ಮೇಲಕ್ಕೆ ಸರಿಸುವಾಗಲೂ ಎಳೆಯಬೇಡಿ, ಕೆಳಗೆ ಹಾಸಿದ ಬಟ್ಟೆಯನ್ನು ಇಬ್ಬರು ಎರಡು ಕಡೆಯಿಂದ ಹಿಡಿದು ಎತ್ತಿ ಸರಿಸಿ.

ಇದೆಲ್ಲ ಕಲಿತದ್ದು ತಿಂಗಳೊಳಗೆ. ಸುಮ್ಮನಿರುವುದನ್ನು ಕಲಿಯಲು ಜಾಸ್ತಿ ದಿನ ಬೇಕಾಯಿತು.

ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದವರೊಬ್ಬರಿದ್ದರು. ಮನಸ್ಸಿನಲ್ಲಿ ಅವರು ನನಗೆ ತಾತ. ಕರೆಯುವಾಗ ಮಾತ್ರ ಅವರು ಹೇಳಿಕೊಟ್ಟ ಹೆಸರೇ, ಅದು ಇಲ್ಲಿನ ಮೊದಲ ಪಾಠ. ಶರ್ಟ್ ಹಾಕುವಾಗ ಬಲವಿಲ್ಲದ ಕೈ ಮೊದಲು, ಬಿಚ್ಚುವಾಗ ಬಲವಿರುವ ಕೈ ಮೊದಲು. ನಾನು ಅದನ್ನು ಚಕಚಕ ಮಾಡಿ, ಒಂದು ನಿಮಿಷದಲ್ಲಿ ಗುಂಡಿಯನ್ನೂ ಹಾಕಿಬಿಡುತ್ತಿದ್ದೆ. ಅವರು ಕಿಟಕಿ ಕಡೆ ನೋಡುತ್ತ ಕೂರುತ್ತಿದ್ದರು. ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೇನೆ ಅಂತ ನನಗೆ ಹೆಮ್ಮೆ. ಒಂದು ದಿನ ಹಿರಿಯ ಸಹೋದ್ಯೋಗಿಯೊಬ್ಬಳು ಬಾಗಿಲ ಹೊರಗೆ ಕರೆದು ಕೇಳಿದಳು, "ಅವರ ಎಡಗೈಗೆ ಏನಾಗಿದೆ?"

ಏನೂ ಆಗಿರಲಿಲ್ಲ.

ಮರುದಿನ ತೋಳು ತೂರಿಸಿ, ಶರ್ಟಿನ ಅಂಚು ಬಿಗಿಯಾಗಿ ಹಿಡಿದುಕೊಂಡು ಸುಮ್ಮನೆ ನಿಂತೆ. ಮೊದಲ ಗುಂಡಿ ಮೂರು ಸಲ ಜಾರಿತು. ನನ್ನ ಬೆರಳು ತಾವಾಗೇ ಮುಂದೆ ಹೋಗುತ್ತಿದ್ದವು, ಇನ್ನೂ ಏಳು ಜನ ಕಾಯುತ್ತಿದ್ದರು ಬೇರೆ. ಕಷ್ಟಪಟ್ಟು ತಡೆದುಕೊಂಡೆ. ಆ ದಿನ ಎರಡು ಗುಂಡಿ ಅವರದು, ಉಳಿದದ್ದು ನನ್ನದು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಎಲ್ಲ ಗುಂಡಿಯನ್ನೂ ಅವರೇ ಹಾಕಿಕೊಂಡರು. ಒಂದು ಕಾಜ ತಪ್ಪಿ ಕಾಲರ್ ಒಂದು ಕಡೆ ಮೇಲೆದ್ದಿತ್ತು. "ಸರಿ ಮಾಡ್ಲಾ?" ಎಂದು ಕೇಳಿದೆ. ಕನ್ನಡಿ ನೋಡಿಕೊಂಡರು. ಬೇಡ ಅಂದರು. ಹಾಗೇ ಊಟದ ಹಾಲಿಗೆ ಹೊರಟರು. ನಾನು ಚಾರ್ಟಿನಲ್ಲಿ ದಿನಾ ಬರೆಯುತ್ತಿದ್ದ "ಪೂರ್ತಿ ಸಹಾಯ" ಬಿಟ್ಟು "ಸ್ವಲ್ಪ ಸಹಾಯ" ಎಂದು ಗುರುತು ಹಾಕಿದೆ.